ಕನಸಿನಲ್ಲಿ ಎಚ್ಚರ, ಎಚ್ಚರದಲ್ಲಿ ಕನಸು
(ಚಾತುರ್ಮಾಸ್ಯದ ಉಪನ್ಯಾಸದಿಂದ ಸಂಗ್ರಹಿಸಿದ್ದು)

ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸಿ, ಕಾರ್ತಿಕದ ಉತ್ಥಾನದ್ವಾದಶಿಯಂದು ಏಳುವನೆಂದು ಭಾವಿಸಿ ನಾವು ವ್ರತಗಳನ್ನು ಆಚರಿಸುತ್ತೇವೆ. ಆತನ ನಿದ್ರೆಯಲ್ಲಿ ಅಜ್ಞಾನದ ಲೇಶವೂ ಇಲ್ಲ. ನಮ್ಮ ನಿದ್ರೆಯಾದರೋ ನಮ್ಮ ವಶದಲ್ಲಿಯೇ ಇಲ್ಲ. ಈ ಪ್ರಸಂಗ ಬಂದಾಗ ಸಭೆಯಲ್ಲಿದ್ದ ಇಬ್ಬರು ಎರಡು ಪ್ರಶ್ನೆಗಳನ್ನು ಕೇಳಿದರು.

ಮೊದಲನೆಯದು ಒಬ್ಬ ತಾಯಿಯದು. “ಆಚಾರ್ಯರೇ, ನನ್ನ ಮಗಳಿಗೆ ಬೆಳಗಿನ ಜಾವದಲ್ಲಿ ಎಚ್ಚರವಾಗುತ್ತದೆ. ಕಣ್ಣು ತೆರೆದಿರುತ್ತದೆ, ಕೋಣೆ ಕಾಣುತ್ತದೆ, ಆದರೆ ಕೈಕಾಲು ಆಡುವುದಿಲ್ಲ, ಕೂಗಲು ದನಿ ಹೊರಡುವುದಿಲ್ಲ. ಯಾರೋ ಎದೆಯ ಮೇಲೆ ಕುಳಿತು ಅಮುಕಿದಂತಾಗುತ್ತದಂತೆ. ಗಾಳಿ ಸೋಕಿದೆ ಎಂದು ನೆಂಟರು ಹೇಳುತ್ತಾರೆ. ಮದುವೆಯ ಮಾತುಕತೆ ನಡೆದಿದೆ, ಹೊರಗೆ ಹೇಳಿಕೊಳ್ಳಲೂ ಅಂಜಿಕೆ.” ಎರಡನೆಯದು ಕಾಲೇಜಿನಲ್ಲಿ ಓದುವ ಹುಡುಗನದು. “ಕನಸು ಬೀಳುತ್ತಿರುವಾಗಲೇ ಇದು ಕನಸು ಎಂದು ನನಗೆ ಕೆಲವೊಮ್ಮೆ ತಿಳಿಯುತ್ತದೆ. ಹಾಗೆ ತಿಳಿದ ಮೇಲೆ ಕನಸು ಸುಳ್ಳೆಂದೇ ಆಯಿತಲ್ಲವೇ? ಅದನ್ನು ಅಭ್ಯಾಸ ಮಾಡಿಕೊಳ್ಳಬಹುದೇ?”

ಮೇಲ್ನೋಟಕ್ಕೆ ಇವು ಸಂಬಂಧವಿಲ್ಲದ ಪ್ರಶ್ನೆಗಳು. ಶಾಸ್ತ್ರದೃಷ್ಟಿಯಿಂದ ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದವು ಸ್ವಪ್ನವಿಚಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ಸ್ವಪ್ನಕ್ಕೆ ಸಂಧ್ಯವೆಂದು ಹೆಸರು. ಎಚ್ಚರಕ್ಕೂ ಗಾಢನಿದ್ರೆಗೂ ನಡುವಿನ ಸಂಧಿ ಅದು. ಜಗತ್ತನ್ನು ಸ್ವಪ್ನದಂತೆ ಮಿಥ್ಯೆ ಎಂದು ಹೇಳುವವರು ದೃಷ್ಟಾಂತವಾಗಿ ಹಿಡಿಯುವುದು ಇದೇ ಕನಸನ್ನು. ಶ್ರೀಮದಾಚಾರ್ಯರು ಆ ದೃಷ್ಟಾಂತವನ್ನೇ ಒಪ್ಪಲಿಲ್ಲ. ಅವರ ಸಿದ್ಧಾಂತದಂತೆ ಕನಸಿನ ಪದಾರ್ಥಗಳು ಸತ್ಯವೇ. ಜೀವನ ಮನಸ್ಸಿನಲ್ಲಿ ಅನಾದಿಯಿಂದ ಸಂಚಿತವಾದ ವಾಸನೆಗಳನ್ನು ಉಪಾದಾನವಾಗಿ ಮಾಡಿಕೊಂಡು ಪರಮಾತ್ಮನು ಅವುಗಳನ್ನು ಸೃಷ್ಟಿಸಿ ತೋರಿಸುತ್ತಾನೆ, ಅವನ ಇಚ್ಛೆಯಿಂದಲೇ ಅವು ತಿರೋಹಿತವಾಗುತ್ತವೆ. ಹಾಗಾದರೆ ಭ್ರಮೆ ಎಲ್ಲಿ? ವಾಸನಾಮಯವಾದುದನ್ನು ಹೊರಗಿನ, ಎಚ್ಚರದ ಪದಾರ್ಥವೆಂದು ತಿಳಿಯುವುದರಲ್ಲಿ. ಅಷ್ಟೇ ಭ್ರಮೆ, ಉಳಿದದ್ದು ಅನುಭವ. ಕನಸಿನಲ್ಲಿ ಪಟ್ಟ ಭಯಕ್ಕೆ ಎಚ್ಚರವಾದ ಮೇಲೂ ಎದೆ ಬಡಿದುಕೊಳ್ಳುತ್ತದೆ. ಏನೂ ಇಲ್ಲದ್ದರಿಂದ ಎದೆ ಬಡಿದುಕೊಂಡೀತೇ?

ಈಗ ಆ ಹುಡುಗನ ಮಾತಿಗೆ ಬರೋಣ. ಕನಸಿನೊಳಗೇ ಕನಸೆಂಬ ಅರಿವು ಮೂಡುವುದು ಕಟ್ಟುಕತೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಮಲಗಿದ್ದವನು ಕನಸಿನಲ್ಲಿ ಅರಿವು ಬಂದೊಡನೆ, ಮೊದಲೇ ಗೊತ್ತುಪಡಿಸಿದಂತೆ, ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಕೇತ ಕೊಟ್ಟನು. ಯಂತ್ರವು ಅದನ್ನು ದಾಖಲಿಸಿತು. ಕೆಲವು ವರ್ಷಗಳ ಬಳಿಕ ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಎಂಬುವರೂ ಇದನ್ನು ತೋರಿಸಿಕೊಟ್ಟರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅರಿವು ಬಂದ ಮಾತ್ರಕ್ಕೆ ಕನಸು ಮಾಯವಾಗಲಿಲ್ಲ. ಅದು ಮುಂದುವರಿಯಿತು. ಹೋದದ್ದು ‘ಇದು ಎಚ್ಚರ’ ಎಂಬ ತಪ್ಪು ತಿಳಿವಳಿಕೆ ಮಾತ್ರ. ಆದ್ದರಿಂದ ಈ ಅನುಭವವು ಕನಸಿನ ಮಿಥ್ಯಾತ್ವಕ್ಕೆ ಸಾಕ್ಷಿಯಾಗಲಾರದು.

ಮತ್ತೊಂದು ವಿಷಯ. ಅರಿವುಳ್ಳ ಕನಸನ್ನು ಕಂಡವರಲ್ಲಿ ಅನೇಕರು, ‘ಕನಸೆಂದು ತಿಳಿಯಿತು, ಆದರೆ ಬೇಕಾದಂತೆ ನಡೆಸಲು ಆಗಲಿಲ್ಲ’ ಎನ್ನುತ್ತಾರೆ. ತಿಳಿಯುವುದು ಬೇರೆ, ಸೃಷ್ಟಿಸುವುದು ಬೇರೆ. ಕಂಠದಲ್ಲಿದ್ದು ಸ್ವಪ್ನವನ್ನು ತೋರಿಸುವವನು ತೈಜಸರೂಪಿಯಾದ ಭಗವಂತನು. ಆ ಸ್ವಾತಂತ್ರ್ಯ ಜೀವನಿಗೆ ಎಲ್ಲಿಂದ ಬರಬೇಕು?

ತಾಯಿಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು, ಒಬ್ಬ ಹೆಣ್ಣುಮಗಳ ಹೆಸರು ಅದರಲ್ಲಿ ಸಿಲುಕಿಕೊಂಡಿದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು, ನಿದ್ರೆಯಲ್ಲಿ ಕಣ್ಣಾಲಿಗಳು ವೇಗವಾಗಿ ಚಲಿಸುವ ಘಟ್ಟವೊಂದಿದೆಯೆಂದು ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆ ಘಟ್ಟದಲ್ಲಿಯೇ. ಬೆಳಗಿನ ಜಾವದತ್ತ ಅದು ದೀರ್ಘವಾಗುತ್ತದೆ. ಆಗ ಕೈಕಾಲುಗಳ ಮಾಂಸಖಂಡಗಳು ತಾತ್ಕಾಲಿಕವಾಗಿ ಸಡಿಲವಾಗಿ ಕಟ್ಟುಬೀಳುತ್ತವೆ. ಇದು ರೋಗವಲ್ಲ, ರಕ್ಷಣೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದೆದ್ದು ಗೋಡೆಗೆ ಹಾಯ್ದಾನು. ಒಮ್ಮೊಮ್ಮೆ ಈ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾಗಿಬಿಡುತ್ತದೆ. ಕಣ್ಣು ಕೋಣೆಯನ್ನು ಕಾಣುತ್ತದೆ, ಕನಸೂ ಪೂರ್ತಿ ಮುಗಿದಿರುವುದಿಲ್ಲ. ಆಗ ವಾಸನಾಮಯವಾದ ಆಕೃತಿಯು ನಿಜವಾದ ಕೋಣೆಯ ನಡುವೆ ನಿಂತಂತೆ ಕಾಣುತ್ತದೆ. ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ, ಅದು ತಾನಾಗಿ ಕಳೆಯುತ್ತದೆ.

ಇಂತಹ ನಡುವಿನ ಸ್ಥಿತಿಗಳು ನಮ್ಮವರಿಗೆ ಹೊಸದಲ್ಲ. ಅದೇ ಪಾದದಲ್ಲಿ ಸೂತ್ರಕಾರರು ಮೂರ್ಛೆಯನ್ನು ವಿಚಾರಿಸಿ, ಅದನ್ನು ಅರ್ಧಪ್ರಾಪ್ತಿ ಎಂದಿದ್ದಾರೆ. ಅವಸ್ಥೆಗಳ ಗಡಿಗಳು ಗೋಡೆ ಕಟ್ಟಿದಂತೆ ಇರಬೇಕಾಗಿಲ್ಲ.

ಜಪಾನಿನವರು ಇದನ್ನು ಕನಶಿಬಾರಿ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದವರು ಮುದುಕಿಯೊಬ್ಬಳು ಬಂದು ಕೂರುತ್ತಾಳೆ ಎನ್ನುತ್ತಿದ್ದರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ, ಸಾಮಾನ್ಯ ಜನರಲ್ಲಿ ಶೇಕಡಾ 8ರಷ್ಟು ಮಂದಿಗೆ, ವಿದ್ಯಾರ್ಥಿಗಳಲ್ಲಿ ಶೇಕಡಾ 28ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿದೆ. ಇಷ್ಟು ಮಂದಿಯನ್ನೂ ಗಾಳಿ ಸೋಕಿದವರೆನ್ನೋಣವೇ? ಮಗಳನ್ನು ಯಂತ್ರ, ತಾಯಿತಗಳಿಗಾಗಿ ಊರೂರು ಅಲೆಸುವುದು ಬೇಡ. ಮದುವೆಗೆ ಇದು ಅಡ್ಡಿಯೂ ಅಲ್ಲ, ಬಚ್ಚಿಡಬೇಕಾದ ಕಳಂಕವೂ ಅಲ್ಲ.

ಉಸಿರು ನಿಂತುಹೋದೀತೆಂಬ ಹೆದರಿಕೆಯೇ ಆಕೆಗೆ ದೊಡ್ಡದು. ಕೈಕಾಲು ಕಟ್ಟುಬಿದ್ದರೂ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಕೆಲಸ ನಿಲ್ಲಿಸುವುದಿಲ್ಲ, ಕಣ್ಣೂ ಆಡುತ್ತದೆ. ಪ್ರಶ್ನೋಪನಿಷತ್ತಿನಲ್ಲಿ ಗಾರ್ಗ್ಯನು ನಿದ್ರೆಯ ಕುರಿತು ಕೇಳುವಲ್ಲಿ, ಇಂದ್ರಿಯಗಳೆಲ್ಲ ಮಲಗಿದಾಗಲೂ ಪ್ರಾಣವು ಎಚ್ಚರವಾಗಿರುವುದೆಂಬ ಉತ್ತರ ದೊರೆಯುತ್ತದೆ. ದಿನಕ್ಕೆ 21,600 ಶ್ವಾಸಗಳಲ್ಲಿ ಹಂಸಮಂತ್ರವನ್ನು ಜಪಿಸುವ ಮುಖ್ಯಪ್ರಾಣದೇವರು ಆ ಹೊತ್ತಿನಲ್ಲಿಯೂ ಜಪಿಸುತ್ತಲೇ ಇದ್ದಾರೆಂದು ತಾಯಿ ಮಗಳಿಗೆ ಹೇಳಲಿ. ಆ ಕ್ಷಣದಲ್ಲಿ ಸೆಣಸಾಡಬಾರದು, ಸೆಣಸಿದಷ್ಟೂ ಭಯ ಹೆಚ್ಚುತ್ತದೆ. ಮನಸ್ಸಿನಲ್ಲಿಯೇ ನಾರಾಯಣಸ್ಮರಣೆ ಮಾಡುತ್ತ, ಒಂದು ಬೆರಳ ತುದಿಯನ್ನು ಆಡಿಸಲು ಯತ್ನಿಸಬೇಕು. ಅಂಗಾತ ಮಲಗುವವರಲ್ಲಿ ಇದು ಹೆಚ್ಚು, ಆದ್ದರಿಂದ ಮಗ್ಗುಲಾಗಿ ಮಲಗುವುದು ಲೇಸು. ನೃಸಿಂಹಸ್ತುತಿಯನ್ನು ಪಠಿಸಿ ಮಲಗುವವರು ಪಠಿಸಲಿ. ಆದರೆ ಹಗಲಿನಲ್ಲಿ ತಡೆಯಲಾರದ ನಿದ್ರೆ ಬರುವುದು, ನಕ್ಕಾಗ ಮೊಣಕಾಲು ಕುಸಿಯುವುದು ಮುಂತಾದ ಲಕ್ಷಣಗಳಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಸ್ತುತಿಯು ಔಷಧವನ್ನು ನಿಷೇಧಿಸುವುದಿಲ್ಲ.

ಇನ್ನು ಹುಡುಗನ ಕೊನೆಯ ಪ್ರಶ್ನೆ, ಅಭ್ಯಾಸ ಮಾಡಬಹುದೇ ಎಂಬುದು. ತಾನಾಗಿ ಬಂದ ಅರಿವಿಗೆ ಹೆದರಬೇಕಾಗಿಲ್ಲ. ಆದರೆ ಅದಕ್ಕಾಗಿ ನಡುರಾತ್ರಿ ಗಡಿಯಾರದ ಗಂಟೆಯಿಟ್ಟು ಎದ್ದು, ಮತ್ತೆ ಮಲಗುವ ವಿಧಾನವೊಂದು ಪ್ರಚಾರದಲ್ಲಿದೆ. ಹೀಗೆ ನಿದ್ರೆಯನ್ನು ಮುರಿದಾಗಲೇ ಮೈ ಕಟ್ಟುಬೀಳುವ ಅನುಭವ ಉಂಟಾಗಬಲ್ಲದೆಂದು ಜಪಾನಿನ ಸಂಶೋಧಕರು 1992ರಲ್ಲಿ ಪ್ರಯೋಗದಿಂದ ಕಂಡುಕೊಂಡರು. ಒಬ್ಬಳು ಕಳೆದುಕೊಳ್ಳಲು ಹವಣಿಸುತ್ತಿರುವುದನ್ನು ಇನ್ನೊಬ್ಬನು ಕರೆದು ತಂದುಕೊಳ್ಳುವುದೇಕೆ? ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂಬ ಆಸೆಯಿದ್ದರೆ ರಾತ್ರಿ ಬೇಗ ಮಲಗಿ, ಒಮ್ಮೆ ಎದ್ದವನು ಮತ್ತೆ ಹಾಸಿಗೆಗೆ ಹೋಗದೆ ಸ್ನಾನಕ್ಕೆ ಹೋಗಲಿ.