ದ್ರಾಕ್ಷಿಯ ಭರಣಿ, ಮಲ್ಲಿಗೆಯ ಕುಂಡ

ಮನೆಯಲ್ಲೇ ಮಾಡಿದ ಹಣ್ಣಿನ ವೈನು ಎಂದೊಡನೆ ನಮ್ಮ ವಾಚಕರಲ್ಲಿ ಕೆಲವರ ಹುಬ್ಬು ಗಂಟಿಕ್ಕುವುದು ಸಹಜ. ಅದೇ, ತಾರಸಿಯ ಮೇಲೆ ಬೆಳೆಸಿದ ಕೈತೋಟ ಎಂದರೆ ಮುಖ ಅರಳುತ್ತದೆ. ಒಂದು ದುಶ್ಚಟದ ಮೊದಲ ಮೆಟ್ಟಿಲು, ಇನ್ನೊಂದು ಸಭ್ಯ ಗೃಹಸ್ಥನ ಹವ್ಯಾಸ. ಒಂದನ್ನು ಕಾನೂನು ತಡೆಯುತ್ತದೆ, ಇನ್ನೊಂದಕ್ಕೆ ತೋಟಗಾರಿಕೆ ಇಲಾಖೆಯವರು ರಿಯಾಯಿತಿ ದರದಲ್ಲಿ ಬೀಜ ಗೊಬ್ಬರಗಳನ್ನೇ ಕೊಡುತ್ತಾರೆ. ಈ ವಿಂಗಡಣೆ ಎಷ್ಟರಮಟ್ಟಿಗೆ ಸರಿ? ಒಂದು ಸುಖ ನಿರ್ದೋಷ, ಇನ್ನೊಂದು ಸದೋಷ ಎಂದು ನಾವು ಯಾವ ಕೊಳಗದಿಂದ ಅಳೆಯುತ್ತೇವೆ? ಮದರಾಸಿನ, ಈಗಿನ ಚೆನ್ನೈಯ, ಬೇಸಗೆಯಲ್ಲಿ ಮೂರನೆಯ ಮಹಡಿಯ ಮೇಲೆ ಗಿಡ ಸಾಕುತ್ತಿರುವ ನಮಗೆ ಇದು ಬರೀ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು ಭರಣಿಯ ವಿಚಾರ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳ ಜೊತೆಗೆ ಒಂದು ಸಣ್ಣ ಲೋಟ ದ್ರಾಕ್ಷಿಯ ವೈನು ಕೊಡುವುದು ಹಳೆಯ ರೂಢಿ. ಕೊಡಗಿನಲ್ಲಿಯೂ ಹಣ್ಣಿನ ವೈನುಗಳಿಗೆ ಹೆಸರಿದೆ. ಕಪ್ಪು ದ್ರಾಕ್ಷಿಯನ್ನು ತೊಳೆದು ಒರೆಸಿ, ಭರಣಿಯಲ್ಲಿ ಹಿಸುಕಿ, ಸಕ್ಕರೆ ಬೆರೆಸಿ, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕದಡುತ್ತಾರೆ. ಸುಮಾರು ಮೂರು ವಾರಗಳ ಬಳಿಕ ಸೋಸಿ, ತಿಳಿಯಾಗಲು ಬಿಡುತ್ತಾರೆ. ಅವಸರಪಡುವವರಿಗೆ ಈ ಕೆಲಸ ಹೇಳಿದ್ದಲ್ಲ.

ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ನಮಗೆ ಕಚೇರಿಯ ಕಡತಗಳಲ್ಲಿ ಎಂದೂ ಉಪಯೋಗಕ್ಕೆ ಬಂದಿಲ್ಲ, ಇಲ್ಲಿಯಾದರೂ ಬರಲಿ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು, ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮದ್ಯಸಾರವನ್ನೂ ಉಳಿದರ್ಧ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಭರಣಿಯ ಬಾಯಿ ಬಿಗಿಯಾಗಿ ಮುಚ್ಚಿದರೆ ಒಡೆಯುವುದು ಈ ಅನಿಲದಿಂದಲೇ. ಮದ್ಯಸಾರ ನೂರಕ್ಕೆ ೧೪-೧೫ರ ಹತ್ತಿರ ಬಂದರೆ ಸಾಮಾನ್ಯ ಯೀಸ್ಟ್ ತಾನು ಮಾಡಿದ್ದರಲ್ಲಿ ತಾನೇ ಸಾಯುತ್ತದೆ. ಕೋಟಿಗಟ್ಟಲೆ ಜೀವಿಗಳ ಈ ಸಾವಿಗೆ ಅಹಿಂಸಾವಾದಿಗಳೂ ಕಣ್ಣೀರು ಹಾಕಿದ್ದನ್ನು ನಾವು ಕಂಡಿಲ್ಲ. ಇನ್ನು, ನಮ್ಮ ಇಡ್ಲಿಯ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಉಬ್ಬುವುದೂ ಇದೇ ಕುಲದ ವಿದ್ಯೆ. ಅಲ್ಲಿ ದುಡಿಯುವುದು ಮುಖ್ಯವಾಗಿ ಬ್ಯಾಕ್ಟೀರಿಯ ಎಂಬುದೊಂದೇ ಭೇದ. ಔಷಧದ ಅಂಗಡಿಯ ದ್ರಾಕ್ಷಾರಿಷ್ಟವಂತೂ ಖಾಸಾ ದಾಯಾದಿ: ದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಸೇರಿ ಹುದುಗಿದ್ದು. ತನ್ನೊಳಗೇ ಹುಟ್ಟಿದ ಮದ್ಯಸಾರವಿದೆ ಎಂದು ಸೀಸೆಯ ಚೀಟಿಯೇ ಹೇಳುತ್ತದೆ. ಅದನ್ನು ಊಟವಾದ ಮೇಲೆ ಎರಡು ಚಮಚ ಕುಡಿದ ಅಜ್ಜಿಯಂದಿರನ್ನು ಯಾರೂ ಮದ್ಯಪಾನಿಗಳೆಂದು ಕರೆದಿಲ್ಲ.

ಆದರೂ ಈ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಭರಣಿಯಲ್ಲಿ ವೈನು ಮಾಡುವುದು ಅಪರಾಧ. ಅದಕ್ಕೆ ಆಧಾರ ೧೯೩೭ರ ಪಾನನಿಷೇಧ ಕಾಯಿದೆ. ಆ ವರ್ಷ ಅಕ್ಟೋಬರ್ ೧ರಂದು ರಾಜಾಜಿಯವರ ಮಂತ್ರಿಮಂಡಲ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಆರಂಭಿಸಿತು. ೧೯೪೮ರ ಹೊತ್ತಿಗೆ ಅದು ಪ್ರಾಂತ್ಯವನ್ನೆಲ್ಲ ವ್ಯಾಪಿಸಿತು. ದಕ್ಷಿಣ ಕನ್ನಡವೂ ೧೯೫೬ರ ವರೆಗೆ ಈ ಮದರಾಸಿಗೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಆಮೇಲಿನ ಕಥೆ ವಿಚಿತ್ರ. ನಿಷೇಧ ೧೯೭೧ರಲ್ಲಿ ಹೋಯಿತು, ಎರಡು ಮೂರು ವರ್ಷಗಳಲ್ಲಿ ಮರಳಿ ಬಂತು, ೧೯೮೧ರಲ್ಲಿ ಮತ್ತೆ ಹೋಯಿತು. ೧೯೮೩ರಲ್ಲಿ ಸರ್ಕಾರದ್ದೇ ಮದ್ಯದ ನಿಗಮ ಹುಟ್ಟಿತು. ೨೦೦೩ರಿಂದ ಚಿಲ್ಲರೆ ಅಂಗಡಿಗಳೂ ಅದರವೇ. ಕಾಯಿದೆ ಮಾತ್ರ ತನ್ನ ಹೆಸರನ್ನು ಬಿಡಲಿಲ್ಲ. ಹೀಗಾಗಿ ಬೀದಿಯ ಕೊನೆಯ ಅಂಗಡಿಯಲ್ಲಿ ಬ್ರಾಂದಿ ಕೊಳ್ಳುವವನು ಖಜಾನೆಯನ್ನು ತುಂಬುವ ಪ್ರಜೆ, ಮನೆಯಲ್ಲಿ ದ್ರಾಕ್ಷಿ ಹಿಸುಕುವ ಮುದುಕಿ ಅಪರಾಧಿ.

ಇಷ್ಟು ಹೇಳಿ ಕಾನೂನನ್ನು ನಗೆಪಾಟಲು ಮಾಡುವುದು ಸುಲಭ, ನ್ಯಾಯವಲ್ಲ. ಬೆಂಗಳೂರಿನಲ್ಲಿ ೧೯೮೧ರಲ್ಲಿ ವಿಷದ ಸಾರಾಯಿಗೆ ಮುನ್ನೂರಕ್ಕೂ ಮಿಕ್ಕಿ ಜನ ಬಲಿಯಾದರು. ಇದೇ ರಾಜ್ಯದ ಕಳ್ಳಕುರಿಚಿಯಲ್ಲಿ ೨೦೨೪ರ ಜೂನ್ ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಕೊಂದದ್ದು ಮೆಥನಾಲ್, ದ್ರಾಕ್ಷಿಯಲ್ಲ. ಕ್ರಿಸ್ಮಸ್ಸಿನ ಭರಣಿಗೂ ಅದಕ್ಕೂ ಸಂಬಂಧವಿಲ್ಲವೆಂದು ಬಲ್ಲವರು ಬಲ್ಲರು. ಆದರೆ ಮನೆಮನೆಯ ಭರಣಿಯ ಮೂತಿ ಮೂಸಿ ನೋಡಿ ಇದು ಹಬ್ಬದ್ದು, ಇದು ದಂಧೆಯದ್ದು ಎಂದು ಹೇಳಲು ಯಾವ ಇನ್‌ಸ್ಪೆಕ್ಟರಿಗೂ ಸಾಧ್ಯವಿಲ್ಲ. ಕಾನೂನು ಸ್ಥೂಲವಾಗಿ ಗೆರೆ ಎಳೆಯುತ್ತದೆ. ಅದರಲ್ಲೂ ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಮಾದಕ ಪಾನೀಯಗಳ ಬಗ್ಗೆ ತಾನಿರುವ ಪ್ರದೇಶದ ಕಾನೂನನ್ನು ನೌಕರ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದೆಂದು ೧೯೬೪ರ ನಡತೆ ನಿಯಮಗಳಲ್ಲಿ ೨೨ನೆಯದು ಹೇಳುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ವೈನಿನ ಭರಣಿ ಇಲ್ಲ. ಇರಬಾರದೆಂಬುದಕ್ಕೆ ಕಾನೂನು ಒಂದು ಕಾರಣ, ಸರಿ. ಕಾನೂನಿಲ್ಲದಿದ್ದರೆ ಅದು ತಪ್ಪಾಗುತ್ತಿತ್ತೆ ಎಂಬುದು ಬೇರೆ ಪ್ರಶ್ನೆ. ಮನೆಯ ನಾಲ್ವರು ವರ್ಷಕ್ಕೊಮ್ಮೆ ಒಂದೊಂದು ಸಣ್ಣ ಲೋಟ ಕುಡಿದರೆ ಯಾರ ಪಾಲಿನದೂ ಕಡಿಮೆಯಾಗುವುದಿಲ್ಲವಲ್ಲ!

ಈಗ ಎಲ್ಲರೂ ಮೆಚ್ಚುವ ಕೈತೋಟಕ್ಕೆ ಬರೋಣ. ನಮ್ಮ ತಾರಸಿಯ ಮೇಲೆ ಮಲ್ಲಿಗೆ, ಕರಿಬೇವು, ಬಸಳೆ, ಹರಿವೆ, ಬೆಂಡೆ, ಎರಡು ಗುಲಾಬಿ, ಒಂದು ನಿಂಬೆ, ಹೀಗೆ ಮೂವತ್ತು ಕುಂಡಗಳಿದ್ದವು. ಇಲ್ಲಿಯವರು ‘ಕತ್ತಿರಿ’ ಎನ್ನುವ ಅಗ್ನಿನಕ್ಷತ್ರದ ದಿನಗಳಲ್ಲಿ, ಅಂದರೆ ಮೇ ತಿಂಗಳೆಲ್ಲ, ತಾರಸಿಯ ಮೇಲೆ ಬರಿಗಾಲಿಡುವಂತಿಲ್ಲ. ನೆಲದ ಗಿಡ ಬೇರನ್ನು ಆಳಕ್ಕಿಳಿಸಿ ಹೇಗೋ ಬದುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಗೋಡೆಯೇ ಕಾದು ಬೇರು ಬೇಯುತ್ತದೆ. ಹಳೆಯ ಹತ್ತಿಯ ಸೀರೆಯನ್ನು ನೆರಳಿಗೆ ಕಟ್ಟಿ, ಮಣ್ಣಿನ ಮೇಲೆ ತೆಂಗಿನ ನಾರನ್ನೂ ಒಣಗಿದೆಲೆಗಳನ್ನೂ ಹೊದಿಸಿದರೂ ಕುಂಡಕ್ಕೆ ದಿನಕ್ಕೆ ಎರಡು ಲೀಟರ್ ನೀರು ಬೇಕು. ಮೂವತ್ತು ಕುಂಡಕ್ಕೆ ಅರವತ್ತು ಲೀಟರ್. ಈ ಊರಿನ ಹೆಂಗಸರು ಲಾರಿಯ ಮುಂದೆ ಸಾಲಾಗಿ ಇಡುವ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಸುಮಾರು ಹದಿನೈದು ಲೀಟರಿನದು. ಎಂದರೆ ನಮ್ಮ ಹವ್ಯಾಸ ದಿನಕ್ಕೆ ನಾಲ್ಕು ಕೊಡ ಕುಡಿಯುತ್ತಿತ್ತು.

ಮಳೆ ಬಂದ ವರ್ಷಗಳಲ್ಲಿ ಈ ಲೆಕ್ಕ ಯಾರಿಗೂ ಬೇಕಿಲ್ಲ. ೨೦೧೯ರಲ್ಲಿ ಬೇಕಾಯಿತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ಈ ನಾಲ್ಕು ಜಲಾಶಯಗಳೂ ಆ ಜೂನ್‌ನಲ್ಲಿ ಬಹುಮಟ್ಟಿಗೆ ಬತ್ತಿ ಬಿರುಕುಬಿಟ್ಟಿದ್ದವು. ಜುಲೈ ೧೨ರಂದು ಜೋಲಾರಪೇಟೆಯಿಂದ ವಿಲ್ಲಿವಾಕ್ಕಂಗೆ ಮೊದಲ ನೀರಿನ ರೈಲು ಬಂತು, ೨೫ ಲಕ್ಷ ಲೀಟರ್. ಕೊಡದ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕೆ ಮಿಕ್ಕಿ. ಒಂದು ಮಹಾನಗರ ರೈಲಿನಲ್ಲಿ ನೀರು ತರಿಸಿಕೊಳ್ಳುವಾಗ ಮೇಲ್ಮಹಡಿಯಲ್ಲಿ ಗುಲಾಬಿಗೆ ನೀರೆರೆಯುವವನ ಕೈ ಸ್ವಲ್ಪವಾದರೂ ತಡೆಯಬೇಕು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಬೀದಿಗೆ ಆಗ ಲಾರಿ ಬರುತ್ತಿದ್ದದ್ದು ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ನಡುರಾತ್ರಿ. ಒಂದು ಬೆಳಿಗ್ಗೆ ನಮ್ಮ ಮನೆಯವರೊಡನೆ ಅವಳ ತಮಿಳಿನಲ್ಲಿ ಕೇಳಿದಳು: “ಅಮ್ಮಾ, ಹೋಗುವಾಗ ಎರಡು ಕೊಡ ನೀರು ಒಯ್ಯಲೆ?” ಗಿಡದ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ತಾರಸಿಯ ಕುಂಡಗಳು ಅವಳ ಕಣ್ಣೆದುರಿಗೇ ಇದ್ದವು.

ನಮ್ಮ ಸಂಘದ ಹಿರಿಯರೊಬ್ಬರು ಈ ಪ್ರಸಂಗ ಕೇಳಿ ನಕ್ಕರು. “ಅಲ್ಲ ಸ್ವಾಮಿ, ನೀವು ನಾಲ್ಕು ಕೊಡ ಉಳಿಸಿದರೆ ಮದರಾಸಿನ ದಾಹ ತೀರುತ್ತದೆಯೆ?” ತೀರುವುದಿಲ್ಲ, ನಿಜ. ಆದರೆ ನೀರು ಕೇಳಿದ್ದು ಮದರಾಸಲ್ಲ, ಎದುರಿಗೆ ನಿಂತಿದ್ದ ಒಬ್ಬಾಕೆ. ಊರಿನ ಲೆಕ್ಕದಲ್ಲಿ ಸೊನ್ನೆಯಾಗುವ ಎರಡು ಕೊಡ ಅವಳ ಮನೆಯ ಲೆಕ್ಕದಲ್ಲಿ ಅಡುಗೆ. ಅವರೇ ಇನ್ನೊಂದು ಮಾತು ಎತ್ತಿದರು: ಭರಣಿಗೆ ಹೋಗುವ ದ್ರಾಕ್ಷಿ ನೀರು ಕುಡಿಯದೆ ಬೆಳೆಯಿತೆ? ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿ ಕುಡಿಯುವುದೂ ನದಿಯ ನೀರನ್ನೇ. ಈ ಆಕ್ಷೇಪಣೆ ಬಲವಾದದ್ದೇ. ಅಷ್ಟು ದೂರ ಹೋದರೆ ನಮ್ಮ ತಟ್ಟೆಯ ಅನ್ನವೂ ಕಟಕಟೆಗೆ ಬರುತ್ತದೆ. ಆದರೂ ರೈತನ ಬದುಕಿಗೆ ಹರಿದ ನೀರು ಬೇರೆ, ಪಕ್ಕದ ಬೀದಿಯ ಕೊಡದಿಂದ ನಮ್ಮ ಗುಲಾಬಿಗೆ ತಿರುಗಿದ ನೀರು ಬೇರೆ ಎಂದೇ ನಮಗೆ ತೋರುತ್ತದೆ.

ಕಾವೇರಿಯೂ ಈ ತಕರಾರಿನಲ್ಲಿ ಪಾಲುದಾರಳು. ೨೦೦೪ರಿಂದ ವೀರಾಣಂ ಕೆರೆಯ ಮೂಲಕ ಅವಳ ನೀರು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಹರಿದು ಚೆನ್ನೈಗೆ ಬರುತ್ತದೆ. ಮೈಸೂರು ಕಡೆಯಿಂದ ಬಂದ ನಮಗೂ ಕೊಡಗಿನಿಂದ ಬಂದ ಅವಳಿಗೂ ಇಲ್ಲಿ ನಲ್ಲಿಯ ಹತ್ತಿರ ಭೇಟಿ! ೨೦೧೮ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚಿಸಿದ ೧೪.೭೫ ಟಿ.ಎಂ.ಸಿ. ಅಡಿಯಲ್ಲಿ ೪.೭೫ನ್ನು ಬೆಂಗಳೂರಿನ ಕುಡಿಯುವ ಮತ್ತು ಮನೆಬಳಕೆಯ ನೀರಿಗೆಂದೇ ಕೊಟ್ಟಿತು. ಅದೇ ಬೆಂಗಳೂರಿನಲ್ಲಿ ೨೦೨೪ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೂ ಕಾರು ತೊಳೆಯುವುದಕ್ಕೂ ಬಳಸಿದವರಿಗೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಬಾಯಾರಿಕೆ ಮೊದಲು, ಹೂವು ಆಮೇಲೆ. ರಾಜ್ಯ ರಾಜ್ಯಗಳ ನಡುವೆ ಒಪ್ಪುವ ಈ ಕ್ರಮವನ್ನು ತಾರಸಿಯ ಮೇಲೆ ಒಪ್ಪದಿರಲು ಕಾರಣ ಕಾಣದು.

ಹಾಗಾದರೆ ಗಿಡಗಳನ್ನು ಒಣಗಿಸಿಬಿಡುವುದೆ? ಇದು ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕಾಡಿನ ಗಿಡ ನಮ್ಮನ್ನು ನಂಬಿಲ್ಲ, ಕುಂಡದ ಗಿಡ ನಂಬಿದೆ. ಅದರ ಬೇರಿಗೆ ಗೋಡೆ ಹಾಕಿದವರು ನಾವು. ಕಟ್ಟಿಹಾಕಿದ ಹಸುವಿಗೆ ಹುಲ್ಲು ಹಾಕುವ ಹೊಣೆ ಕಟ್ಟಿದವನದಲ್ಲವೆ? ಆ ಜೂನ್‌ನಲ್ಲಿ ಬೆಂಡೆ, ಹರಿವೆಗಳನ್ನು ಕಿತ್ತೆವು. ಅವು ಹೇಗೂ ಋತುವಿನ ಅತಿಥಿಗಳು. ಗುಲಾಬಿಗಳನ್ನು ಬಾವಿಯಿದ್ದ ಪರಿಚಿತರ ಮನೆಗೆ ಸಾಗಿಸಿದೆವು. ಕೊನೆಗೆ ಉಳಿದದ್ದು ಹನ್ನೆರಡು ಕುಂಡ. ಅವುಗಳಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಪಕ್ಕದವರ ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರು. ಈ ಕೊನೆಯದು ಬಟ್ಟಿಯಿಳಿಸಿದ ನೀರಿನಷ್ಟೇ ಮೃದು, ಗಿಡಗಳಿಗೆ ಹಿತ. ಶುದ್ಧೀಕರಣ ಯಂತ್ರ ಹೊರಚೆಲ್ಲುವ ಉಪ್ಪುನೀರನ್ನು ಮಾತ್ರ ದಿನವೂ ಹಾಕಬಾರದು, ಎಲೆಯ ಅಂಚು ಸುಡುತ್ತದೆ. ನಲ್ಲಿಯ ಎರಡು ಕೊಡ ಅವಳ ಮನೆಗೆ ಹೋದವು.

ಇಲ್ಲಿಗೆ ನಮ್ಮ ಲೆಕ್ಕ ಮುಗಿಯಬೇಕಿತ್ತು. ಯಾವ ಸುಖ ಇನ್ನೊಬ್ಬರ ಪಾಲಿನಿಂದ ಕಿತ್ತುಕೊಳ್ಳುತ್ತದೋ ಅದು ಸದೋಷ, ಕಿತ್ತುಕೊಳ್ಳದಿರುವುದು ನಿರ್ದೋಷ. ಅದರ ಪ್ರಕಾರ ಬೇಸಗೆಯ ಗುಲಾಬಿಗಿಂತ ಹಬ್ಬದ ವೈನು ಸಾಧುವಾದದ್ದು. ಆದರೆ ಹೋದ ವರ್ಷ ನಮ್ಮ ಅತ್ತೆಯವರಿಗೆಂದು ವೈದ್ಯರು ಬರೆದುಕೊಟ್ಟ ದ್ರಾಕ್ಷಾರಿಷ್ಟದ ಸೀಸೆಯನ್ನು ಅಡುಗೆಮನೆಯಲ್ಲಿ ತೆರೆದಾಗ ಆ ವಾಸನೆಗೆ ಪಾತ್ರೆ ತೊಳೆಯುತ್ತಿದ್ದವಳ ಕೈ ನಿಂತುಹೋಯಿತು. ಔಷಧವೆಂದು ಎಷ್ಟು ಹೇಳಿದರೂ ಮುಖ ತಿಳಿಯಾಗಲಿಲ್ಲ. ಅವಳ ಗಂಡನ ಕೂಲಿ ಸಂಜೆಯಾಗುತ್ತಲೇ ಬೀದಿಯ ಕೊನೆಯ ಅಂಗಡಿಗೆ ಹೋಗುತ್ತದೆಂಬುದು ನಮಗೆ ತಿಳಿದ ವಿಷಯ. ತನ್ನ ನೀರನ್ನು ಕುಡಿದ ಗಿಡಗಳ ಮೇಲೆ ಅವಳಿಗೆ ಕಿಂಚಿತ್ತೂ ಸಿಟ್ಟಿಲ್ಲ. ಅಂದು ನಾವು ಬೆಂಡೆಯ ಗಿಡ ಕೀಳುವಾಗ “ಪಾಪ, ಪಚ್ಚೆ ಗಿಡ” ಎಂದು ಮರುಗಿದವಳೂ ಅವಳೇ. ಏನನ್ನೂ ಕಿತ್ತುಕೊಳ್ಳದ ಸೀಸೆ ಅವಳನ್ನು ನೋಯಿಸಿತು.

ಒಂದು ಸುಖ ಏನನ್ನು ಕಸಿಯುತ್ತದೆಂದು ಲೀಟರಿನಲ್ಲಿ ಅಳೆಯಬಹುದು. ಅದು ಇನ್ನೊಬ್ಬರಿಗೆ ಏನನ್ನು ನೆನಪಿಸುತ್ತದೆಂಬುದಕ್ಕೆ ನಮ್ಮ ರಸಾಯನಶಾಸ್ತ್ರದಲ್ಲಿ ಮಾನವಿಲ್ಲ. ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿಷೇಧದತ್ತ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುವಾಗ ಔಷಧಕ್ಕೆ ವಿನಾಯಿತಿ ಕೊಟ್ಟಿದೆ. ಅವಳ ಮೂಗು ಕೊಟ್ಟಿಲ್ಲ. ಹಾಗೆಂದು ಅವಳ ನೋವನ್ನೇ ಎಲ್ಲರ ಕಾನೂನಾಗಿ ಮಾಡಿದರೆ ಮಂಗಳೂರಿನ ಮುದುಕಿಯ ಹಬ್ಬದ ಭರಣಿಗೆ ಅನ್ಯಾಯವಾಗುತ್ತದೆ, ಇದನ್ನೂ ನಾವು ಬಿಟ್ಟುಕೊಡಲಾರೆವು.

ಸೀಸೆಯನ್ನು ಈಗ ಅಡುಗೆಮನೆಯಿಂದ ಒಳಗಿನ ಬೀರುವಿಗೆ ಸಾಗಿಸಿದ್ದೇವೆ. ಅವಳು ಹೋದ ಮೇಲೆ ಅತ್ತೆಯವರಿಗೆ ಎರಡು ಚಮಚ. ಇದು ಅವಳಿಗೆ ತೋರಿಸಿದ ಮರ್ಯಾದೆಯೋ ನಮ್ಮ ಮುಚ್ಚುಮರೆಯೋ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಮರ್ಯಾದೆ ಎಂದು ನಾವು, ಅವಳನ್ನೇ ಕೇಳಿಬಿಡಿ ಎಂದು ನಮ್ಮ ಮನೆಯವರು.