ಕರಗುವ ತಂತಿಯ ಧರ್ಮ

ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಅಡುಗೆಮನೆಯವರೆಗೂ ನಡೆದು ಬಂದು ಕನ್ನಡವೇ ಆಗಿಬಿಟ್ಟ ಇಂಗ್ಲಿಷ್ ಮಾತುಗಳಲ್ಲಿ ‘ಫ್ಯೂಸ್’ ಎಂಬುದೂ ಒಂದು. ಜೀವ ಹೋಯಿತು, ಮಾನ ಹೋಯಿತು ಎನ್ನುವ ಧಾಟಿಯಲ್ಲಿಯೇ ‘ಫ್ಯೂಸ್ ಹೋಯಿತು’ ಎನ್ನುತ್ತೇವೆ. ಆ ಮಾತಿನಲ್ಲಿ ಸ್ವಲ್ಪ ದುಃಖ, ಬಹಳ ಮಟ್ಟಿಗೆ ಸಿಡುಕು. ನಗರದ ಮನೆಗಳಲ್ಲಿ ಈಗ ಫ್ಯೂಸಿನ ಜಾಗಕ್ಕೆ ತಾನಾಗಿ ಕೆಳಗೆ ಬೀಳುವ ಎಂ.ಸಿ.ಬಿ. ಸ್ವಿಚ್ಚು ಬಂದಿದೆ, ಆದರೆ ಮಾತು ಹಳೆಯದೇ ಉಳಿದಿದೆ, ಸಿಡುಕೂ ಹಳೆಯದೇ. ಆ ಬಡ ತಂತಿ ತನ್ನ ಕರ್ತವ್ಯವನ್ನು ನೆರವೇರಿಸಿದ ಕ್ಷಣದಲ್ಲಿಯೇ ನಾವು ಅದನ್ನು ಬೈಯುತ್ತೇವೆ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ಅದು ವರ್ಷಗಟ್ಟಲೆ ಸುಮ್ಮನೆ ಇದ್ದಾಗ ಯಾರೂ ಅದನ್ನು ನೆನೆದವರಲ್ಲ.

ನಾನು ವೃತ್ತಿಯಲ್ಲಿ ಬಹುಕಾಲ ಕಳೆದದ್ದು ಇಂಥ ಫ್ಯೂಸುಗಳನ್ನು ರೂಪಿಸುವ ಕೆಲಸದಲ್ಲಿ. ಅದೂ ಮನೆಯ 230 ವೋಲ್ಟಿನದಲ್ಲ, 11,000 ವೋಲ್ಟು, 33,000 ವೋಲ್ಟುಗಳ ಮಾರ್ಗಗಳಿಗೆ ಹಾಕತಕ್ಕ ಫ್ಯೂಸು. ಮುರಿಯದಂತೆ ಕಟ್ಟುವುದು ಎಂಜಿನಿಯರನ ಸಾಮಾನ್ಯ ಧರ್ಮ. ಸೇತುವೆ ಕಟ್ಟುವವನು, ಅಣೆಕಟ್ಟು ಕಟ್ಟುವವನು ಅದನ್ನೇ ಮಾಡುತ್ತಾನೆ. ಸರಿಯಾದ ಹೊತ್ತಿನಲ್ಲಿ ಮುರಿಯುವಂತೆ ಕಟ್ಟುವುದು ನನ್ನ ಪಾಲಿಗೆ ಬಂದ ಕೆಲಸ. ಆದಕಾರಣ ಒಂದು ಪ್ರಶ್ನೆ ನನ್ನನ್ನು ಮೇಜಿನ ಬಳಿಯೂ ಬಿಟ್ಟದ್ದಿಲ್ಲ, ಸಂಜೆಯ ತಿರುಗಾಟದಲ್ಲಿಯೂ ಬಿಟ್ಟದ್ದಿಲ್ಲ: ಇತರರು ಉಳಿಯಲೆಂದು ಒಂದನ್ನು ಮೊದಲೇ ಗೊತ್ತುಮಾಡಿ ಸಾಯಲು ಇಡುವುದು ಲೋಹದ ವಿಷಯದಲ್ಲಿ ಸರಿ, ಮನುಷ್ಯನ ವಿಷಯದಲ್ಲಿ ಸರಿಯೆ?

ಮೊದಲು ತಂತಿಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಎಡಿಸನ್ನನು ತನ್ನ ಫ್ಯೂಸಿಗೆ ಪೇಟೆಂಟು ಪಡೆದದ್ದು 1890ರಲ್ಲಿ. ಅದಾಗಿ ಹನ್ನೆರಡೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕಂಬಗಳ ಮೇಲೆ ನಡೆದುಹೋಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಬೇಕಾದರೆ ವೋಲ್ಟೇಜನ್ನು ಏರಿಸದೆ ಗತಿಯಿಲ್ಲ. ಏರಿಸಿದರೆ ಒಂದು ಹೊಸ ತೊಡಕು ಹುಟ್ಟುತ್ತದೆ. ಮನೆಯ ಫ್ಯೂಸಿನಲ್ಲಿ ತಂತಿ ಕರಗಿತೆಂದರೆ ಕಥೆ ಬಹುಮಟ್ಟಿಗೆ ಮುಗಿಯಿತು. ಹೈವೋಲ್ಟೇಜಿನಲ್ಲಿ ತಂತಿ ಕರಗಿದ ಮೇಲೆಯೇ ಕಥೆಯ ಆರಂಭ. ತಂತಿ ಇದ್ದ ಜಾಗದಲ್ಲಿ ಕೆಂಡದಂಥ ಅನಿಲದ ಸೇತುವೆಯೊಂದು ತಾನೇ ಕಟ್ಟಿಕೊಂಡು, ಪ್ರವಾಹ ಅದರ ಮೇಲೆ ಹಾಯುತ್ತಲೇ ಇರುತ್ತದೆ. ಇದನ್ನು ನಾವು ಆರ್ಕ್ ಎನ್ನುತ್ತೇವೆ. ಈ ಬೆಂಕಿಯನ್ನು ಆರಿಸುವುದೇ ಇಡೀ ವಿದ್ಯೆ.

ಅದಕ್ಕಾಗಿ ಮಾಡುವ ಉಪಾಯ ಹೀಗೆ: ಒಂದು ಪಿಂಗಾಣಿಯ ಕೊಳವೆ; ಅದರೊಳಗೆ ತೆಳುವಾದ ಬೆಳ್ಳಿಯ ಪಟ್ಟಿಗಳು; ಪಟ್ಟಿಯ ಉದ್ದಕ್ಕೂ ಅಲ್ಲಲ್ಲಿ ಕಚ್ಚು ಮಾಡಿ ಸಣ್ಣಗೊಳಿಸಿದ ಜಾಗಗಳು; ಸುತ್ತಲೂ ಗಿಡಿದು ತುಂಬಿದ ಶುದ್ಧವಾದ ಬೆಣಚುಕಲ್ಲಿನ ಮರಳು. ಶಾರ್ಟ್ ಸರ್ಕ್ಯೂಟ್ ಆದಾಗ ಕಚ್ಚುಗಳಿರುವ ಕಡೆಯೆಲ್ಲ ಬೆಳ್ಳಿ ಏಕಕಾಲಕ್ಕೆ ಕರಗುತ್ತದೆ. ಒಂದು ದೊಡ್ಡ ಬೆಂಕಿಯ ಬದಲಿಗೆ ಹಲವು ಸಣ್ಣ ಬೆಂಕಿಗಳು. ಮರಳು ಆ ಕಾವನ್ನು ಕುಡಿದು ತಾನೇ ಕರಗಿ ಗಾಜಿನಂತಾಗುತ್ತದೆ. ಪ್ರವಾಹ ತನ್ನ ಪೂರ್ಣ ಎತ್ತರಕ್ಕೆ ಏರುವ ಮೊದಲೇ, ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ, ಎಲ್ಲವೂ ಮುಗಿದಿರುತ್ತದೆ. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಇಂಥ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಗಳಿವೆ. ಪರೀಕ್ಷೆಯಾದ ಕೊಳವೆಯನ್ನು ಒಡೆದು ನೋಡಿದವರಿಗೆ ಅದರೊಳಗಿನ ದೃಶ್ಯ ಗೊತ್ತು: ಬೆಳ್ಳಿ ಇದ್ದ ದಾರಿಯುದ್ದಕ್ಕೂ ಮರಳು ಬೆಸೆದುಕೊಂಡು, ಒರಟಾದ ಬೂದುಬಣ್ಣದ ಕಡ್ಡಿಯಾಗಿರುತ್ತದೆ. ಹೊರಗೆ ಮಾತ್ರ ಬಿರುಕೂ ಇಲ್ಲ, ಹೊಗೆಯೂ ಇಲ್ಲ.

ಇದನ್ನು ಕೇಳಿದವರು, ‘ಅಂದರೆ ಫ್ಯೂಸು ಸರಪಣಿಯ ಅತ್ಯಂತ ದುರ್ಬಲವಾದ ಕೊಂಡಿ, ಅಷ್ಟೇ ತಾನೆ?’ ಎಂದು ಕೇಳುವುದುಂಟು. ಅಷ್ಟೇ ಅಲ್ಲ. ದುರ್ಬಲವಾದದ್ದು ಯಾವಾಗ ಬೇಕಾದರೂ ಮುರಿಯುತ್ತದೆ. ಫ್ಯೂಸು ಹಾಗೆ ಮುರಿಯಕೂಡದು. ಟ್ರಾನ್ಸ್‌ಫಾರ್ಮರಿಗೆ ವಿದ್ಯುತ್ತು ಕೊಟ್ಟ ಮೊದಲ ಕ್ಷಣದಲ್ಲಿ ಅದು ತನ್ನ ವಾಡಿಕೆಯ ಹತ್ತು ಹನ್ನೆರಡು ಪಟ್ಟು ಪ್ರವಾಹವನ್ನು ಎಳೆಯಬಹುದು. ಅದು ತಪ್ಪಲ್ಲ, ಎಚ್ಚರವಾಗುವವನ ಆಕಳಿಕೆಯಂಥದು. ಫ್ಯೂಸು ಅದನ್ನು ಸಹಿಸಬೇಕು. ಮೋಟಾರು ಹೊರಡುವಾಗ ಕೆಲವು ಸೆಕೆಂಡುಗಳ ಕಾಲ ಐದಾರು ಪಟ್ಟು ಎಳೆದರೆ ಅದನ್ನೂ ಸಹಿಸಬೇಕು. ಸಹಿಸಬೇಕಾದದ್ದು ಯಾವುದು, ಸಹಿಸಬಾರದ್ದು ಯಾವುದು ಎಂಬ ವಿವೇಕವನ್ನು ನಾವು ಲೋಹದ ಅಗಲದಲ್ಲಿ, ಕಚ್ಚಿನ ಆಳದಲ್ಲಿ ಬರೆದಿಡುತ್ತೇವೆ. ತಾಳ್ಮೆಗೆ ಅಳತೆ ಇಟ್ಟ ಮಾತ್ರಕ್ಕೆ ಅದು ತಾಳ್ಮೆಯಲ್ಲದೆ ಹೋಗುವುದಿಲ್ಲ. ಅಳತೆಯೇ ಇಲ್ಲದ ತಾಳ್ಮೆಯನ್ನು ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ ಸದ್ಗುಣವೆಂದು ಹೊಗಳುತ್ತೇವಲ್ಲ, ಅದು ದಪ್ಪ ತಂತಿಯ ಸದ್ಗುಣ.

ಇನ್ನೊಂದು ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಭಾರಿ ಪ್ರವಾಹ ಬಂದರೆ ಫ್ಯೂಸು ಹೆದರುವುದಿಲ್ಲ. ಒಂದೇ ಏಟಿಗೆ ಮುಗಿಸುತ್ತದೆ. ಅದಕ್ಕೆ ಕಷ್ಟವಾಗುವುದು ಮಿತಿಗಿಂತ ಸ್ವಲ್ಪವೇ ಹೆಚ್ಚಾಗಿ ಬಹಳ ಹೊತ್ತು ಹರಿಯುವ ಪ್ರವಾಹ. ಆಗ ಬೆಳ್ಳಿ ಯಾವುದೋ ಒಂದು ಕಡೆ ಮಾತ್ರ ಕರಗಿ, ಆರ್ಕನ್ನು ಆರಿಸುವ ಶಕ್ತಿಯಿಲ್ಲದೆ, ಕೊಳವೆಯೇ ಕಾದು ಸಿಡಿಯಬಹುದು. ಆದುದರಿಂದ ಇಂಥ ಹಲವು ಹೈವೋಲ್ಟೇಜ್ ಫ್ಯೂಸುಗಳಿಗೆ ಮೇಲಿನ ಮಿತಿ ಇರುವಂತೆ ಕೆಳಗಿನ ಮಿತಿಯೂ ಇರುತ್ತದೆ. ಈ ನಡುವಣ ಅಪಾಯಕ್ಕಾಗಿ ಬೆಳ್ಳಿಯ ಮೇಲೆ ಒಂದು ಹನಿ ತವರವನ್ನು ಇಡುವುದುಂಟು. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್ಸಿಗೆ. ತವರ 232ಕ್ಕೇ ಕರಗಿ, ತಾನು ಕುಳಿತ ಜಾಗದ ಬೆಳ್ಳಿಯನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಕೊಳವೆಯ ತುದಿಯಲ್ಲಿ ಪುಟ್ಟದೊಂದು ಮೊಳೆಯನ್ನು ಅಡಗಿಸಿಟ್ಟು, ಅದು ಚಿಮ್ಮಿ ಬಂದು ಪಕ್ಕದ ಸ್ವಿಚ್ಚನ್ನು ತೆರೆಯುವಂತೆಯೂ ಮಾಡುತ್ತಾರೆ. ಅಂದರೆ, ‘ನನ್ನೊಬ್ಬನಿಂದ ಇದು ಆಗದು, ನೀನೂ ಬಾ’ ಎಂದು ಕೂಗುವ ಬಾಯಿಯನ್ನು ಫ್ಯೂಸಿಗೆ ಕೊಟ್ಟಂತಾಯಿತು. ದೊಡ್ಡ ಅನ್ಯಾಯವನ್ನು ಎದುರಿಸಿ ನಿಂತವರು ನಮ್ಮಲ್ಲಿ ಇದ್ದಾರೆ. ದಿನದಿನವೂ ಸ್ವಲ್ಪಸ್ವಲ್ಪ ಮಿತಿ ಮೀರುವ ಅನ್ಯಾಯದಲ್ಲಿ ಒಳಗೊಳಗೇ ಬೇಯುವವರು ಅವರಿಗಿಂತ ಹೆಚ್ಚು. ಅವರಿಗೆ ಬೇಕಾದದ್ದು ಧೈರ್ಯದ ಉಪದೇಶವಲ್ಲ. ಕೂಗಿದರೆ ಕೇಳಿಸಿಕೊಳ್ಳುವ ಪಕ್ಕದ ಸ್ವಿಚ್ಚು.

ಈಗ ಮನುಷ್ಯನ ಪ್ರಶ್ನೆಗೆ ಬರೋಣ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಶಾಲೆಯಲ್ಲಿ ಓದದವರು ಅಪರೂಪ. ಗೌಡ ಕೆರೆಯನ್ನು ಕಟ್ಟಿಸಿದ, ನೀರು ಬರಲಿಲ್ಲ. ಹೊತ್ತಗೆ ನೋಡಿದರೆ ಸೊಸೆಯನ್ನು ಬಲಿ ಕೊಡಬೇಕೆಂದು ಬಂತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು? ಆದಕಾರಣ ಕಿರಿಯ ಸೊಸೆ ಭಾಗೀರತಿ. ಅವಳು ಹೋದಳು, ಕೆರೆ ತುಂಬಿತು. ದಂಡಿನಿಂದ ಮರಳಿ ಬಂದ ಗಂಡ ಅದೇ ಕೆರೆಗೆ ಹಾರಿದ. ಈ ಕಥೆಯಲ್ಲಿ ನನ್ನನ್ನು ಇಂದಿಗೂ ನಡುಗಿಸುವುದು ಬಲಿಗಿಂತ ಹೆಚ್ಚಾಗಿ ಆ ಆಯ್ಕೆಯ ಲೆಕ್ಕಾಚಾರ. ಯಾರು ಹೋದರೆ ಮನೆಗೆ ಕಡಿಮೆ ನಷ್ಟವೋ ಅವರನ್ನು ಆರಿಸಿದರು. ಅದು ನೋಡುವುದಕ್ಕೆ ಫ್ಯೂಸಿನ ಲೆಕ್ಕದಂತೆಯೇ ಇದೆ. ಹಾಗಿದ್ದರೆ ವ್ಯತ್ಯಾಸವೆಲ್ಲಿ?

ವ್ಯತ್ಯಾಸ ನಮ್ಮ ಕೆಲಸದ ಮೊದಲ ಸೂತ್ರದಲ್ಲಿಯೇ ಇದೆ. ತಪ್ಪು ಎಲ್ಲಿ ಆಯಿತೋ ಅದಕ್ಕೆ ಅತ್ಯಂತ ಸಮೀಪದ ಫ್ಯೂಸು ಹೋಗಬೇಕು, ಮೇಲಿನದು ಉಳಿಯಬೇಕು. ಒಂದು ಬೀದಿಯ ತಪ್ಪಿಗೆ ಊರೆಲ್ಲ ಕತ್ತಲಾಗಕೂಡದು. ಹಾಗೆಯೇ ಮೇಲಿನ ಮಾರ್ಗದ ತಪ್ಪಿಗೆ ಕೆಳಗಿನ ಬೀದಿಯ ಫ್ಯೂಸು ಉರಿಯಕೂಡದು. ಭಾಗೀರತಿಯ ತಪ್ಪೇನು? ಕೆರೆ ತೋಡಿಸಿದ ಜಾಗವನ್ನು ಆರಿಸಿದವಳು ಅವಳಲ್ಲ. ನಮ್ಮ ಸಮಾಜ ಫ್ಯೂಸುಗಳನ್ನು ಇಡುವ ರೀತಿ ಬಹುಮಟ್ಟಿಗೆ ಹೀಗೆಯೇ. ಲೆಕ್ಕ ತಪ್ಪಿದ್ದು ಮೇಲೆ. ಅಮಾನತ್ತಾಗುವವನು ಕೆಳಗಿನ ಗುಮಾಸ್ತ. ಮಾರ್ಗವನ್ನು ಬಂದ್ ಮಾಡಿದ್ದೇವೆಂದು ಕೆಳಗಿನಿಂದ ಹೇಳಿದವರು ಒಬ್ಬರು, ವಿಚಾರಿಸದೆ ಮತ್ತೆ ಚಾಲೂ ಮಾಡಿದವರು ಇನ್ನೊಬ್ಬರು. ಕಂಬದ ಮೇಲೆ ಹೋಗುವುದು ಲೈನ್‌ಮನ್ನನ ಜೀವ, ಅದರಲ್ಲಿಯೂ ಗುತ್ತಿಗೆಯ ಮೇಲೆ ದುಡಿಯುವವನ ಜೀವ. ಕೈಗವಸು, ಅರ್ತಿಂಗಿನ ಸಲಾಕೆ, ಬೀಗ ಹಾಕುವ ಪದ್ಧತಿ ಇವು ಇರಬೇಕಾದ ಜಾಗದಲ್ಲಿ ನಾವು ಒಬ್ಬ ಮನುಷ್ಯನನ್ನು ನಿಲ್ಲಿಸಿರುತ್ತೇವೆ. ಸತ್ತ ಮೇಲೆ ಅವನನ್ನು ತ್ಯಾಗಿ ಎನ್ನುತ್ತೇವೆ. ಹೊಗಳಿಕೆ ಅಗ್ಗವಾದ ಪರಿಹಾರ.

ನನ್ನ ಮಿತ್ರರೊಬ್ಬರು ಸಂಸ್ಕೃತದ ಮೇಷ್ಟ್ರು. ಈ ಮಾತನ್ನು ಕೇಳಿ, ‘ಹಾಗಾದರೆ ದಧೀಚಿ ತನ್ನ ಬೆನ್ನೆಲುಬನ್ನು ಕೊಟ್ಟದ್ದು ತಪ್ಪೋ?’ ಎಂದರು. ತಪ್ಪಲ್ಲ. ದೇವತೆಗಳು ಕೇಳಿದರು, ಅವನು ಒಪ್ಪಿ ಕೊಟ್ಟ. ಕೇಳಿಸಿಕೊಂಡವನಿಗೆ ‘ಇಲ್ಲ’ ಎನ್ನುವ ಹಕ್ಕಿದ್ದರೆ ಮಾತ್ರ ‘ಹೌದು’ ಎಂಬುದು ತ್ಯಾಗವಾಗುತ್ತದೆ. ಆದರೂ ಮಿತ್ರರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ‘ಈ ಕಾಗದಕ್ಕೆ ನಾನು ಸಹಿ ಹಾಕಲಾರೆ’ ಎಂದು ಹೇಳಿ ಬಡ್ತಿಯನ್ನು ಕಳೆದುಕೊಳ್ಳುವ ಅಧಿಕಾರಿಯೂ ತಾನೇ ಕರಗಿ ಪ್ರವಾಹವನ್ನು ನಿಲ್ಲಿಸುತ್ತಾನೆ. ಅಂಥವರು ಲೋಕಕ್ಕೆ ಬೇಕು. ಆದರೆ ಅವರು ಬೇಕೆನ್ನುವುದು ಬೇರೆ, ಅವರನ್ನು ನಂಬಿಕೊಂಡು ವ್ಯವಸ್ಥೆಯನ್ನು ಕಟ್ಟುವುದು ಬೇರೆ. ವೀರನೊಬ್ಬ ಸಿಕ್ಕಿದರೆ ಮಾತ್ರ ಸುರಕ್ಷಿತವಾಗಿರುವ ಕಾರ್ಖಾನೆ ಸುರಕ್ಷಿತವಾದದ್ದಲ್ಲ.

ಮುರಿಯಬೇಕಾದದ್ದನ್ನು ಮುರಿಯಗೊಡದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಳ್ಳಿಯ ಟ್ರಾನ್ಸ್‌ಫಾರ್ಮರಿನ ಕಂಬದ ಮೇಲೆ ಓರೆಯಾಗಿ ನಿಂತ ಮೂರು ಕೊಳವೆಗಳನ್ನು ಓದುಗರು ರೈಲಿನ ಕಿಟಕಿಯಿಂದಲಾದರೂ ನೋಡಿರಬಹುದು. ಒಳಗಿನ ತಂತಿ ಕರಗಿದರೆ ಕೊಳವೆ ಕಳಚಿಕೊಂಡು ಜೋತು ಬೀಳುತ್ತದೆ, ಕೆಳಗಿನಿಂದಲೇ ಕಾಣಲೆಂದು. ಅಲ್ಲಿ ಗೊತ್ತಾದ ತಂತಿಗೆ ಬದಲಾಗಿ ಕೈಗೆ ಸಿಕ್ಕ ದಪ್ಪ ತಂತಿಯನ್ನು ಸುತ್ತಿರುವುದನ್ನು ನಾನು ಕಂಡಿದ್ದೇನೆ. ಪೈರು ಒಣಗುತ್ತಿರುವಾಗ ಪದೇ ಪದೇ ಫ್ಯೂಸು ಹೋದರೆ ರೈತನ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಅಂದಿನಿಂದ ಕರಗಬೇಕಾದದ್ದು ಬೆಳ್ಳಿಯೂ ಅಲ್ಲ, ತಾಮ್ರವೂ ಅಲ್ಲ, ಟ್ರಾನ್ಸ್‌ಫಾರ್ಮರೇ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು. ನೆಲಮಟ್ಟದಲ್ಲಿದ್ದ ಟ್ರಾನ್ಸ್‌ಫಾರ್ಮರಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಬಾಲ್ಕನಿಗೆ ಏರಿತ್ತು. ಅಂದು ಬೆಳಿಗ್ಗೆಯೇ ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಒಮ್ಮೆ ಬೆಂಕಿ ಕಾಣಿಸಿಕೊಂಡಿತ್ತು. ದುರಸ್ತಿ ಮಾಡಿ ಮತ್ತೆ ಚಾಲೂ ಮಾಡಿದ್ದರು. ಬಾಲ್ಕನಿಯಲ್ಲಿ ಹೆಚ್ಚಿನ ಆಸನಗಳನ್ನು ಹಾಕಿ ಹೊರಬರುವ ದಾರಿಗೆ ಅಡ್ಡಿ ಮಾಡಿದ್ದನ್ನು ನ್ಯಾಯಾಲಯಗಳು ಎತ್ತಿ ಹೇಳಿದವು. ಬೆಳಗಿನ ಬೆಂಕಿ ಒಂದು ಎಚ್ಚರಿಕೆ, ಅದನ್ನು ಸುಮ್ಮನಾಗಿಸಿದರು. ಮಧ್ಯಾಹ್ನದ ಆಟಕ್ಕೆ ಬಂದ ಸಂಸಾರಗಳು ಕೊನೆಗೆ ಫ್ಯೂಸಾದವು. ಎಲ್ಲಿಯೋ ಒಂದು ಕಡೆ ಮುರಿಯಲೇಬೇಕಾದದ್ದು, ನಾವು ಇಟ್ಟ ಜಾಗದಲ್ಲಿ ಮುರಿಯದಿದ್ದರೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಮತ್ತು ಅದು ಹುಡುಕುವುದು ಮನುಷ್ಯರನ್ನೇ.

ಆದುದರಿಂದ ನನ್ನ ಉತ್ತರ ಇಷ್ಟು. ಯಾವುದಾದರೂ ಒಂದು ಮುರಿಯಬೇಕು ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಕ್ರೌರ್ಯವಲ್ಲ, ಒಪ್ಪಿಕೊಳ್ಳದಿರುವುದೇ ಕ್ರೌರ್ಯ. ಆದರೆ ಮುರಿಯುವುದು ವಸ್ತುವಾಗಿರಲಿ, ಹಣವಾಗಿರಲಿ, ವೇಳಾಪಟ್ಟಿಯಾಗಿರಲಿ, ದೊಡ್ಡವರ ಪ್ರತಿಷ್ಠೆಯಾಗಿರಲಿ. ಒಂದು ಗಂಟೆಯ ಕತ್ತಲೆ, ಒಂದು ದಿನದ ನಷ್ಟ, ರದ್ದಾದ ಒಂದು ಆಟ ಇವೇ ನಾಗರಿಕರಾದವರು ತಮ್ಮ ನಡುವೆ ಇಟ್ಟುಕೊಳ್ಳಬೇಕಾದ ಬೆಳ್ಳಿಯ ಪಟ್ಟಿಗಳು. ಇವನ್ನು ಕರಗಗೊಡಲಾರದ ಜಿಪುಣತನವೇ ಮನುಷ್ಯರನ್ನು ಕರಗಿಸುತ್ತದೆ.

ಕಡೆಯದಾಗಿ ನಮ್ಮ ಕಸುಬಿನ ಒಂದು ನಿಯಮವನ್ನು ಹೇಳಿ ಮುಗಿಸುತ್ತೇನೆ. ಹೈವೋಲ್ಟೇಜಿನ ಮೂರು ಫೇಸುಗಳಲ್ಲಿ ಕೊಳವೆಯ ಫ್ಯೂಸೊಂದು ಹೋದರೆ, ನೋಡುವುದಕ್ಕೆ ಚೆನ್ನಾಗಿಯೇ ಇರುವ ಇನ್ನೆರಡನ್ನೂ ಸಾಮಾನ್ಯವಾಗಿ ಬದಲಾಯಿಸಬೇಕು. ಪಕ್ಕದ್ದು ಉರಿದ ಆ ಕ್ಷಣದಲ್ಲಿ ಅವೂ ಬೆಂದಿರಬಹುದು, ಹೊರಗಿನಿಂದ ಕಾಣದು. ಹೊಸದನ್ನು ಕೂರಿಸುವ ಮೊದಲು ತಪ್ಪು ಎಲ್ಲಿತ್ತೆಂದು ಹುಡುಕಬೇಕು. ಹುಡುಕದೆ ಹಾಕಿದ ಫ್ಯೂಸು ಮತ್ತೆ ಹೋಗುತ್ತದೆ. ಒಬ್ಬ ಲೈನ್‌ಮನ್ ಸತ್ತ ಮಾರನೆಯ ದಿನ ಅದೇ ಕಂಬಕ್ಕೆ ಇನ್ನೊಬ್ಬನನ್ನು ಹತ್ತಿಸುವಾಗ ಇಷ್ಟು ಮಾತ್ರದ ವಿಚಾರಣೆಯನ್ನು ನಾವು ಮಾಡುತ್ತೇವೆಯೆ? ಲೋಹಕ್ಕೆ ತೋರಿಸುವ ಮರ್ಯಾದೆಯನ್ನು ಮನುಷ್ಯನಿಗೂ ತೋರಿಸಿದರೆ, ಸದ್ಯಕ್ಕೆ, ಅದೇ ಸಾಕು.