ಮಣಿಕರ್ಣಿಕೆಯನ್ನು ನೋಡುವುದು ಎಂದರೆ

ಕಾಶಿಗೆ ಹೋಗುವವರ ಮೂರು ದಿನದ ಪಟ್ಟಿ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ವಿಶ್ವನಾಥನ ದರ್ಶನ, ಸಂಜೆ ದಶಾಶ್ವಮೇಧ ಘಾಟಿನಲ್ಲಿ ಗಂಗಾರತಿ, ಒಂದು ಮಧ್ಯಾಹ್ನ ಸಾರನಾಥ, ಒಂದು ಬೆಳಗ್ಗೆ ಇಲ್ಲವೇ ಸಂಜೆ ದೋಣಿ. ಬಾಡಿಗೆ ಮಾತಾಡುವಾಗಲೇ ದೋಣಿಯವನು ಇನ್ನೊಂದು ಜಾಗವನ್ನೂ ಸೇರಿಸುತ್ತಾನೆ: ಮಣಿಕರ್ಣಿಕಾ. ಅಲ್ಲಿ ದೋಣಿ ನಿಧಾನವಾಗುತ್ತದೆ. ದಡದಲ್ಲಿ ಏಳೆಂಟು ಚಿತೆಗಳು ಉರಿಯುತ್ತಿರುತ್ತವೆ. ದೋಣಿಯಲ್ಲಿ ಕೆಲವರು ಕೈಮುಗಿಯುತ್ತಾರೆ, ಕೆಲವರು ಫೋನ್ ಎತ್ತುತ್ತಾರೆ, ಹಲವರು ಎರಡನ್ನೂ ಮಾಡುತ್ತಾರೆ. ಐದು ನಿಮಿಷದಲ್ಲಿ ದೋಣಿ ಮುಂದಕ್ಕೆ ಹೋಗುತ್ತದೆ.

ಗುರುತು ಪರಿಚಯವಿಲ್ಲದವರ ಸಾವು ನಮ್ಮ ಪ್ರವಾಸದ ಪಟ್ಟಿಯಲ್ಲಿ ಒಂದು ಸಾಲಾಗಬಹುದೇ?

ಕೂಡದು ಎಂದು ಹೇಳಿಬಿಡುವುದು ಸುಲಭ. ಆದರೆ ಕಾಶಿಯಲ್ಲಿ ಸಾವು ಮುಚ್ಚಿಟ್ಟ ವಿಷಯವಲ್ಲ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಬ್ಲಾಕಿನವರು ತೀರಿಕೊಂಡ ಸುದ್ದಿ ವಾಟ್ಸ್ಯಾಪ್ ಗುಂಪಿನಲ್ಲಿ ಬರುತ್ತದೆ. ಆಸ್ಪತ್ರೆಯಿಂದ ಆಂಬ್ಯುಲೆನ್ಸ್, ಅಲ್ಲಿಂದ ವಿದ್ಯುತ್ ಚಿತಾಗಾರ, ಅಷ್ಟೇ. ಕಾಶಿಯ ಗಲ್ಲಿಗಳಲ್ಲಿ ಚಟ್ಟ ಬಂದರೆ ಚಹಾ ಕುಡಿಯುತ್ತಿದ್ದವರು ಒಂದು ಹೆಜ್ಜೆ ಸರಿದು ದಾರಿ ಬಿಡುತ್ತಾರೆ, ಮತ್ತೆ ಚಹಾ ಕುಡಿಯುತ್ತಾರೆ. ಸಾವನ್ನು ಹೀಗೆ ಎಲ್ಲರ ಕಣ್ಣೆದುರಿಗಿಟ್ಟ ಊರಿಗೆ ಹೋಗಿ ಕಣ್ಣು ಮುಚ್ಚಿಕೊಳ್ಳುವುದು ಸಭ್ಯತೆಯಾಗುವುದಿಲ್ಲ.

ಯಾತ್ರಿಕ ನೋಡಬಹುದು, ಪ್ರವಾಸಿ ನೋಡಬಾರದು ಎನ್ನುವವರಿದ್ದಾರೆ. ಈ ಗೆರೆಯೂ ನಿಲ್ಲುವುದಿಲ್ಲ. ಹಿಂದೆ ಕಾಶಿಗೆ ಹೊರಟವರು ತಿರುಗಿ ಬರುವ ಭರವಸೆ ಇಲ್ಲದೆ ಎಲ್ಲರಿಗೂ ಹೇಳಿ ಹೊರಡುತ್ತಿದ್ದರು. ಈಗ ಶುಕ್ರವಾರದ ಸ್ಟೇಟಸ್ ಮೀಟಿಂಗ್ ಮುಗಿಸಿ ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಸೋಮವಾರ ಮತ್ತೆ ಕೆಲಸಕ್ಕೆ ಹಾಜರು. ಬೆಳಗ್ಗೆ ಅಪ್ಪನ ಹೆಸರಿನಲ್ಲಿ ಪಿಂಡ ಹಾಕಿದವನೇ ಸಂಜೆ ಸೆಲ್ಫಿ ತೆಗೆದುಕೊಳ್ಳುತ್ತಾನೆ. ಊರೂ ನೋಡಲು ಬರುವವರಿಗೆ ಜಾಗ ಮಾಡಿಕೊಟ್ಟಿದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ನೂರಾರು ಕಟ್ಟಡಗಳನ್ನು ಕೊಂಡು ಕೆಡವಲಾಯಿತು. ಆ ವಿಶಾಲವಾದ ದಾರಿಯಲ್ಲಿ ಭಕ್ತ ಯಾರು, ಪ್ರವಾಸಿ ಯಾರು ಎಂದು ಬೇರೆ ಮಾಡುವುದು ಹೇಗೆ?

ಹಾಗಾದರೆ ತಪ್ಪು ಇರುವುದು ಕ್ಯಾಮೆರಾದಲ್ಲೇ? ಮಣಿಕರ್ಣಿಕೆಯಲ್ಲಿ ಫೋಟೊ ತೆಗೆಯಬೇಡಿ ಎಂದು ಅಲ್ಲಿನವರು ಹೇಳುತ್ತಾರೆ, ಕೇಳಬೇಕು. ಆದರೆ ಊರು ಬಿಟ್ಟು ಬಂದ ನಮ್ಮಂಥವರು ಈ ಮಾತನ್ನು ಇನ್ನೂ ಸ್ವಲ್ಪ ಯೋಚಿಸಬೇಕಾಗುತ್ತದೆ. 2020 ಮತ್ತು 2021ರಲ್ಲಿ ಎಷ್ಟೋ ಮಕ್ಕಳು ಹೆತ್ತವರ ಅಂತ್ಯಕ್ರಿಯೆಯನ್ನು ಫೋನಿನಲ್ಲೇ ನೋಡಿದರು. ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಕುಳಿತ ಮಗನಿಗೆ ತಮ್ಮನೋ ಭಾವಮೈದುನನೋ ಚಿತೆಯ ಕಡೆಗೆ ಫೋನ್ ಹಿಡಿದು ನಿಂತದ್ದನ್ನು ಯಾರೂ ಅಗೌರವ ಎನ್ನಲಿಲ್ಲ. ಸಾವಿರಾರು ಮೈಲಿ ದೂರದ ಆ ಮಗ ಹತ್ತಿರದವನು, ಐವತ್ತು ಅಡಿ ದೂರದ ದೋಣಿಯಲ್ಲಿ ಕುಳಿತವನು ಹೊರಗಿನವನು. ಇದು ರಕ್ತಸಂಬಂಧದ ವ್ಯತ್ಯಾಸ ಮಾತ್ರ ಅಲ್ಲ. ವಿಡಿಯೊ ಕಾಲಿನಲ್ಲಿ ಅಲ್ಲಿದ್ದವರಿಗೆ ಆ ಮಗನ ಮುಖವೂ ಕಾಣುತ್ತಿತ್ತು. ಅವನು ಅಳುವುದನ್ನು ಅವರು ನೋಡುತ್ತಿದ್ದರು. ದೋಣಿಯಲ್ಲಿರುವವನು ಕತ್ತಲಲ್ಲಿ ಕುಳಿತು, ಜೂಮ್ ಮಾಡಿ, ತಾನು ಯಾರಿಗೂ ಕಾಣದೆ ನೋಡುತ್ತಾನೆ.

ನನಗೆ ಗೆರೆ ಇಲ್ಲಿ ಕಾಣುತ್ತದೆ. ನೋಡುವುದು ತಪ್ಪಲ್ಲ. ನಾವು ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿಕೊಂಡು ಅವರ ಸಂಕಟವನ್ನು ನೋಡುವುದು ತಪ್ಪು.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಬೇರೆ ಊರಿನ ಕತೆ ಬೇಕಿಲ್ಲ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಕಾಶಿ ನಮಗೆ ಶಾಲೆಯಿಂದಲೇ ಗೊತ್ತು. ಸುಡುಗಾಡು ಕಾಯುವ ರಾಜ, ಮಗನ ಹೆಣದೊಂದಿಗೆ ಬಂದ ಹೆಂಡತಿಯಿಂದಲೂ ಸುಂಕ ಕೇಳುತ್ತಾನೆ. ಅವನ ಸತ್ಯನಿಷ್ಠೆಯನ್ನು ನಾವೆಲ್ಲ ಕೊಂಡಾಡಿದ್ದೇವೆ. ಆ ಕತೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮಸಣದಲ್ಲಿ ಸುಮ್ಮನೆ ನಿಂತು ನೋಡುವವನು ಅಲ್ಲಿ ಯಾರೂ ಇಲ್ಲ. ಕಾಯುವವನಿಗೆ ಕೇಳಬೇಕಾದದ್ದು ಇದೆ, ಬಂದವಳಿಗೆ ಕೊಡಬೇಕಾದದ್ದು ಇದೆ. ಇಬ್ಬರೂ ಎದುರುಬದುರು ನಿಂತಿದ್ದಾರೆ.

ಕಾಶಿಯ ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇದೆ. ಈಗ ಅದನ್ನು ಕರ್ನಾಟಕ ಘಾಟ್ ಎನ್ನುತ್ತಾರೆ. ನಮ್ಮ ಹೆಸರಿನ ಮೆಟ್ಟಿಲಿನಿಂದ ಸುಡುಗಾಡಿಗೆ ಕೆಲವೇ ಹೆಜ್ಜೆ. ಅಲ್ಲಿಗೆ ನಡೆದು ಹೋದರೆ ದೋಣಿಯಿಂದ ಕಾಣದವರು ಕಾಣುತ್ತಾರೆ. ಸೌದೆ ತೂಗುವವನು, ತಲೆ ಬೋಳಿಸಿಕೊಂಡು ಬಿಳಿ ಪಂಚೆಯಲ್ಲಿ ನಿಂತ ಮಗ, ಬಿದಿರುಗಳುವಿನಿಂದ ಚಿತೆ ಸರಿಪಡಿಸುವ ಡೋಮ ಸಮುದಾಯದವನು. ಪ್ರವಾಸಿಗಳ ಚಿತ್ರಗಳಲ್ಲಿ ಈ ಮೂರನೆಯವನು ಬೆಂಕಿಯ ಮುಂದಿನ ಒಂದು ಕಪ್ಪು ಆಕೃತಿ. ಅವನ ಕೈಯಿಂದ ಬಂದ ಬೆಂಕಿ ಇಲ್ಲದೆ ಇಲ್ಲಿ ಮುಕ್ತಿಯಿಲ್ಲ ಎನ್ನುವವರೇ ಅವನ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆ ಸಮುದಾಯದ ಡೋಮರಾಜ ಜಗದೀಶ ಚೌಧರಿಯವರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಘೋಷಣೆಯಾಯಿತು. ಬೆಂಕಿಯನ್ನು ನೋಡಿ ಬೆಂಕಿ ಕೊಡುವವನನ್ನು ನೋಡದಿರುವುದು ನಮಗೆ ಬಹಳ ಹಿಂದಿನಿಂದ ಅಭ್ಯಾಸವಾಗಿದೆ. ದೋಣಿಯ ದೂರ ಆ ಅಭ್ಯಾಸವನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತದೆ.

ದಡದಲ್ಲಿ ನಿಂತರೆ ಹಾಗಾಗುವುದಿಲ್ಲ. ಹೊಗೆ ಕಣ್ಣಿಗೆ ಬರುತ್ತದೆ. ಯಾರೋ ‘ಸರಿಯಿರಿ’ ಎನ್ನುತ್ತಾರೆ, ಸರಿಯಬೇಕಾಗುತ್ತದೆ. ಸತ್ತವರ ಮನೆಯವರು ಒಮ್ಮೆ ತಿರುಗಿ ನೋಡಿದರೆ, ನಾನಿಲ್ಲಿ ಯಾಕೆ ನಿಂತಿದ್ದೇನೆ ಎಂಬುದಕ್ಕೆ ನನ್ನ ಬಳಿ ಉತ್ತರ ಇರಬೇಕಾಗುತ್ತದೆ. ಇದ್ದರೆ ನಿಲ್ಲಬಹುದು. ಇಲ್ಲದಿದ್ದರೆ ಕೈಮುಗಿದು ಹೊರಡಬಹುದು. ಅದರಿಂದ ಯಾರಿಗೂ ನಷ್ಟವಿಲ್ಲ.

ದೋಣಿಯವನ ಹೊಟ್ಟೆಪಾಡೂ ಮುಖ್ಯವೇ. ಅವನು ದಡ ತೋರಿಸಲಿ, ಎಂಬತ್ತನಾಲ್ಕು ಘಾಟುಗಳಲ್ಲಿ ತೋರಿಸಲು ಬೇಕಾದಷ್ಟಿದೆ. ಮಣಿಕರ್ಣಿಕೆ ಬಂದಾಗ ಮಾತ್ರ ದೋಣಿ ನಿಧಾನ ಮಾಡಬೇಡ, ದಡಕ್ಕೆ ಬಿಡು, ಇಲ್ಲವೇ ಮುಂದೆ ಸಾಗು ಎಂದು ಹೇಳಬಹುದು. ಬಾಡಿಗೆ ಪೂರ್ತಿ ಕೊಟ್ಟರೆ ಅವನು ಖಂಡಿತ ಬೇಡ ಎನ್ನುವುದಿಲ್ಲ.